ಧೂಮಪಾನ ಮತ್ತು ಶ್ವಾಸನಾಳದ ಒಳಪದರ

ಮಾನ್ಯ ಸದಸ್ಯರ ಗಮನಕ್ಕೆ,

ಉಸಿರಿನೊಡನೆ ಧೂಳು ಹಾಗೂ ರೋಗಾಣುಗಳೂ ಶ್ವಾಸನಾಳವನ್ನು ಪ್ರವೇಶಿಸುತ್ತವೆ. ನಾಳದ ಒಳಪದರದ ಕೆಲವು ಜೀವಕೋಶಗಳು ಸ್ರವಿಸುವ ಲೋಳೆಯು ಅವನ್ನು ಹಿಡಿದಿಡುತ್ತದೆ. ಇತರ ಕೋಶಗಳ ಮೇಲಿರುವ ಸಿಲಿಯಾ ಎಂಬ ಸೂಕ್ಷ್ಮ ರೋಮಗಳು ಸೆಕೆಂಡಿಗೆ ಸುಮಾರು 10 ಬಾರಿ ಬೀಸುತ್ತಾ ಆ ಲೋಳೆಯನ್ನು ಗಂಟಲಿನತ್ತ ಸಾಗಿಸುತ್ತವೆ.

ಬೀಡಿ, ಸಿಗರೇಟುಗಳ ಹೊಗೆಯು ಈ ರೋಮಗಳ ಚಲನೆಯನ್ನು ಕುಂಠಿತಗೊಳಿಸುತ್ತದೆ. ಕಾಲಕ್ರಮೇಣ ಅವು ಮೊಟಕಾಗಿ ನಶಿಸುತ್ತವೆ. ಲೋಳೆ ಸ್ರವಿಸುವ ಕೋಶಗಳಾದರೋ ಹೆಚ್ಚುತ್ತವೆ. ಹೂಳೆತ್ತುವವರಿಲ್ಲದ ಚರಂಡಿಗೆ ಮತ್ತಷ್ಟು ಹೂಳು ಸೇರಿದಂತಹ ಸ್ಥಿತಿಯಿದು. ಕಫವನ್ನು ಹೊರಹಾಕಲು ಆಗ ದೇಹಕ್ಕೆ ಉಳಿಯುವ ಮಾರ್ಗವೆಂದರೆ ಕೆಮ್ಮು. ಆದುದರಿಂದ ಧೂಮಪಾನಿಗಳ ಮುಂಜಾನೆಯ ಕೆಮ್ಮನ್ನು ವಯೋಸಹಜವೆಂದು ಕಡೆಗಣಿಸಬಾರದು. ಚಟ ಮುಂದುವರಿದಲ್ಲಿ ರೋಮಯುಕ್ತ ಕೋಶಗಳ ಸ್ಥಾನದಲ್ಲಿ ಚಪ್ಪಟೆ ಕೋಶಗಳು ಬೆಳೆಯುತ್ತವೆ. ಹೊಗೆಯ ರಾಸಾಯನಿಕಗಳು ಕೋಶಗಳ ಡಿ.ಎನ್.ಎ.ಗೆ ಹಾನಿಯುಂಟುಮಾಡಿ ಕ್ಯಾನ್ಸರ್‌ಗೂ ಕಾರಣವಾಗುತ್ತವೆ.

ಧೂಮಪಾನ ತ್ಯಜಿಸಿದ ಕೆಲವು ತಿಂಗಳುಗಳಲ್ಲಿ ರೋಮಗಳ ಕಾರ್ಯವು ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಆರಂಭದಲ್ಲಿ ಕಫ, ಕೆಮ್ಮು ತುಸು ಹೆಚ್ಚಬಹುದು. ಅದಕ್ಕೆ ಅಂಜಿ ಮರಳಿ ಬೀಡಿ ಹಚ್ಚಬಾರದು. ಆದರೆ ಶ್ವಾಸಕೋಶದಲ್ಲಿ ನಾಶವಾದ ಗಾಳಿಚೀಲಗಳು ಪುನಃ ಮೊದಲಿನಂತಾಗುವುದಿಲ್ಲ. ಬೇಗನೆ ತ್ಯಜಿಸಿದಷ್ಟೂ ಉಳಿಯುವುದು ಹೆಚ್ಚು.

2003ರ ತಂಬಾಕು ನಿಯಂತ್ರಣ ಕಾಯ್ದೆಯನ್ವಯ ಪಂಚಾಯಿತಿ ಕಚೇರಿಯೂ ಸೇರಿದಂತೆ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷಿದ್ಧ. ಸದಸ್ಯರು ಈ ವಿಷಯವನ್ನು ವಾರ್ಡ್ ಸಭೆಗಳಲ್ಲಿ ತಿಳಿಯಪಡಿಸುವುದು. ಎರಡು ವಾರ ಮೀರಿದ ಕೆಮ್ಮಿರುವವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸುವುದು. ಚಟ ಬಿಡಲಿಚ್ಛಿಸುವವರಿಗೆ ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356 ಲಭ್ಯವಿದೆ.

– ಪಂಚಾಯಿತಿ ಅಭಿವೃದ್ಧಿ ಅಧಿಕಾರಿ