ಗ್ರಾಂ ಲೆಕ್ಕದ ಬೆಟ್ಟದ ಸೈಕಲ್: ಎಡೆದೊರೆ ನಾಡಿನ ಮುಳ್ಳು, ಮಣ್ಣು, ಬಿಸಿಲಿಗೆ ಎಷ್ಟು ಹಗುರ ಸಾಕು?

ರಾಯಚೂರು: ಇಲ್ಲಿನ ಕೋಟೆಯ ಗೋಡೆಯಲ್ಲಿ ನಲವತ್ತು ಅಡಿ ಮೀರಿದ ಉದ್ದದ ಒಂದೇ ಶಿಲೆಯಿದೆ. ಅದರ ಮೇಲೆ 1294ರ ಶಾಸನವಿದೆ. ಕಾಕತೀಯರ ಕಾಲದ ಆ ಬಂಡೆಯನ್ನು ಗಣಿಯಿಂದ ಕೋಟೆಗೆ ಸಾಗಿಸಿದ ಬಗೆಯನ್ನೂ ಶಿಲ್ಪಿಗಳು ಅಲ್ಲಿಯೇ ಚಿತ್ರಿಸಿದ್ದಾರೆ. ಕಡ್ಡಿಗಳಿಲ್ಲದ ಗಟ್ಟಿ ಗಾಲಿಗಳ ಬಂಡಿ, ಅದರ ಮುಂದೆ ಹೂಡಿದ ಕೋಣಗಳ ಸಾಲು. ಭಾರ ಹೆಚ್ಚಿದಂತೆ ಎಳೆಯುವ ಜೀವಗಳನ್ನು ಹೆಚ್ಚಿಸುವುದು ಅಂದಿನ ಉಪಾಯ. ಎಳೆಯುವ ಜೀವ ಒಂದೇ ಆದಾಗ, ಅದೂ ಸವಾರನ ಎರಡು ಕಾಲುಗಳೇ ಆದಾಗ, ಉಳಿಯುವ ದಾರಿ ಭಾರವನ್ನು ಇಳಿಸುವುದು. ಬೆಟ್ಟಗುಡ್ಡಗಳಲ್ಲಿ ಓಡುವ ಮೌಂಟೇನ್ ಬೈಕನ್ನು ಗ್ರಾಂ ಗ್ರಾಂ ಲೆಕ್ಕದಲ್ಲಿ ಹಗುರಗೊಳಿಸುವ ವಿದ್ಯೆ ಹುಟ್ಟಿದ್ದು ಈ ಅನಿವಾರ್ಯತೆಯಿಂದ.

ಈ ಬಗೆಯ ಸೈಕಲ್‌ನ ಜನನವೇ ಮಾರ್ಪಾಡಿನಿಂದ ಆದದ್ದು. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರೀನ್ ಪ್ರಾಂತ್ಯದ ಯುವಕರು ಹಳೆಯ ಕಾಲದ ದಪ್ಪ ಟೈರಿನ ಭಾರೀ ಸೈಕಲ್‌ಗಳಿಗೆ ಬೇರೆ ಬೇರೆ ಬಿಡಿಭಾಗಗಳನ್ನು ಜೋಡಿಸಿ ಗುಡ್ಡ ಇಳಿಸುತ್ತಿದ್ದರು. 1976ರಲ್ಲಿ ಅಲ್ಲಿ ನಡೆದ ಇಳಿಜಾರಿನ ಪಂದ್ಯಕ್ಕೆ ‘ರಿಪ್ಯಾಕ್’ ಎಂಬ ಹೆಸರು ಬಂತು. ಒಮ್ಮೆ ಇಳಿಯುವಷ್ಟರಲ್ಲಿ ಹಿಂಗಾಲಿಯ ಬ್ರೇಕಿನ ಗ್ರೀಸ್ ಸುಟ್ಟು ಹೋಗುತ್ತಿದ್ದುದರಿಂದ ಮತ್ತೆ ತುಂಬಬೇಕಾಗುತ್ತಿತ್ತು, ಹೆಸರಿನ ಮೂಲ ಅದು. ಮರುವರ್ಷ ಜೋ ಬ್ರೀಜ್ ಎಂಬುವರು ಗುಡ್ಡಕ್ಕೆಂದೇ ಹೊಸ ಚೌಕಟ್ಟನ್ನು ಕಟ್ಟಿದರು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಈ ಕ್ರೀಡೆಗೆ ಸ್ಥಾನ ದೊರೆಯಿತು. ಇಂದು ಸ್ವೀಡನ್ನಿನ ಗುಸ್ತಾವ್ ಗುಲ್‌ಹೋಮ್‌ರಂತಹವರು ಬಣ್ಣವನ್ನು ಕೆರೆದು ತೆಗೆದು, ಸಣ್ಣಪುಟ್ಟ ಭಾಗಗಳನ್ನೂ ತಿದ್ದಿ, ಎರಡೂ ಗಾಲಿಗಳಿಗೆ ಸಸ್ಪೆನ್ಷನ್ ಇರುವ ಬೈಕನ್ನು 10 ಕೆ.ಜಿ.ಗಿಂತ ಕೆಳಗೆ ಇಳಿಸಿದ್ದಾರೆ. ಗದ್ದೆ ಹೊಲಗಳ ನಡುವೆ ನಮ್ಮ ಹಿರಿಯರು ತುಳಿದ ಕರಿಯ ಉಕ್ಕಿನ ಸೈಕಲ್‌ನ ತೂಕ ಸುಮಾರು 20 ಕೆ.ಜಿ. ಎಂಬುದನ್ನು ನೆನೆದರೆ ಅಂತರ ಅರಿವಾಗುತ್ತದೆ.

ರಸ್ತೆ ಪಂದ್ಯಗಳ ಸೈಕಲ್ 6.8 ಕೆ.ಜಿ.ಗಿಂತ ಕಡಿಮೆ ಇರಕೂಡದೆಂದು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2000ದಿಂದ ನಿಯಮ ಮಾಡಿದೆ. ಮೌಂಟೇನ್ ಬೈಕಿಗೆ ಅಂತಹ ಕಟ್ಟಳೆ ಇಲ್ಲ. ಇಲ್ಲಿ ಮಿತಿ ಹೇರುವವು ನೆಲ ಮತ್ತು ಜೇಬು.

ತೂಕ ಇಳಿದರೆ ಸಿಗುವುದೇನು?

65 ಕೆ.ಜಿ. ತೂಗುವ ಸವಾರ 13 ಕೆ.ಜಿ.ಯ ಸೈಕಲ್ ಏರಿ 100 ಮೀಟರ್ ಎತ್ತರದ ಗುಡ್ಡ ಹತ್ತುತ್ತಾನೆ ಎಂದುಕೊಳ್ಳೋಣ. ಗುರುತ್ವದ ವಿರುದ್ಧ ಮಾಡಬೇಕಾದ ಕೆಲಸ ಸುಮಾರು 76 ಸಾವಿರ ಜೂಲ್. ಸೈಕಲ್ 8 ಕೆ.ಜಿ.ಗೆ ಇಳಿದರೆ ಅದು 71,500ಕ್ಕೆ ತಗ್ಗುತ್ತದೆ. 200 ವಾಟ್ ಶಕ್ತಿಯಲ್ಲಿ ತುಳಿಯುವವನಿಗೆ ಉಳಿಯುವ ಸಮಯ 25 ಸೆಕೆಂಡಿನಷ್ಟು. ಪಂದ್ಯದಲ್ಲಿ ಇದು ದೊಡ್ಡ ಅಂತರ, ಪಂದ್ಯವಿಲ್ಲದ ದಿನ ಇದು ಒಂದು ಗುಟುಕು ನೀರು ಕುಡಿಯುವ ಹೊತ್ತು. ಮಾನ್ವಿಯ ಕಡೆಯ ತುಂಗಭದ್ರಾ ಎಡದಂಡೆ ಕಾಲುವೆಯ ಸಮತಟ್ಟಾದ ದಾರಿಯಲ್ಲಂತೂ ಲಾಭ ನಗಣ್ಯ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಐದು ಕಿಲೋ ಕಳೆದುಕೊಂಡರೂ ಉಳಿಯುವುದು ಎರಡು ಮೂರು ವಾಟ್. ಅಲ್ಲಿ ಸವಾರನ ಶತ್ರು ಎದುರು ಗಾಳಿ. ದೇವದುರ್ಗದ ಸುತ್ತಲಿನ ಕಲ್ಲುಗುಡ್ಡಗಳಲ್ಲಿ, ಏರು ಇಳಿವು ಕ್ಷಣಕ್ಷಣಕ್ಕೂ ಬದಲಾಗುವ ದಾರಿಯಲ್ಲಿ ಮಾತ್ರ ಹಗುರವಾದ ಬೈಕಿನ ಗುಣ ತಿಳಿಯುತ್ತದೆ.

ಗಾಲಿಯ ಒಂದು ಗ್ರಾಂ ಚೌಕಟ್ಟಿನ ಎರಡು ಗ್ರಾಂಗೆ ಸಮ ಎಂಬ ನಂಬಿಕೆ ಸೈಕಲ್ ಪ್ರಿಯರಲ್ಲಿ ಬೇರೂರಿದೆ. ಇದು ಅರ್ಧ ಸತ್ಯ. ರಿಮ್ ಮತ್ತು ಟೈರಿನ ತೂಕ ಮುಂದೆ ಸಾಗುವುದರ ಜೊತೆಗೆ ತಿರುಗಲೂ ಬೇಕಾದುದರಿಂದ ವೇಗ ಹೆಚ್ಚಿಸಿಕೊಳ್ಳುವಾಗ ಅದಕ್ಕೆ ದುಪ್ಪಟ್ಟು ಶಕ್ತಿ ಬೇಕು. ಒಂದೇ ವೇಗದಲ್ಲಿ ಏರುವಾಗ ಈ ಭೇದ ಇರುವುದಿಲ್ಲ.

ಮುಳ್ಳಿನ ಪರೀಕ್ಷೆ

ಹಗುರದ ಹಾದಿ ಮೊದಲು ಬರುವುದು ಟೈರಿನ ಬಳಿಗೇ. ಟ್ಯೂಬ್ ತೆಗೆದುಹಾಕಿ, ಗಾಳಿ ಸೋರದ ರಿಮ್ಮಿಗೆ ಟ್ಯೂಬ್‌ಲೆಸ್ ಟೈರ್ ಕೂರಿಸಿ, ಒಳಗೆ ಸೀಲಂಟ್ ಎಂಬ ದ್ರವ ಸುರಿಯುವುದು ಇಂದಿನ ಪದ್ಧತಿ. ದೊಡ್ಡ ಗಾಲಿಯ ಸಾಮಾನ್ಯ ಟ್ಯೂಬ್ ಸುಮಾರು 200 ಗ್ರಾಂ ತೂಗಿದರೆ ಅದರ ಬದಲಿಗೆ ಸುರಿಯುವ ದ್ರವ 100 ಗ್ರಾಂ ಸಾಕು. ಗಾಲಿಗೆ 100 ಗ್ರಾಂ ಉಳಿತಾಯ. ಅದಕ್ಕಿಂತ ದೊಡ್ಡ ಲಾಭವೆಂದರೆ ಪಂಕ್ಚರ್ ತನ್ನಷ್ಟಕ್ಕೆ ಮುಚ್ಚಿಕೊಳ್ಳುವುದು.

ಕೃಷ್ಣೆ ತುಂಗಭದ್ರೆಯರ ನಡುವಿನ ಈ ಸೀಮೆಯಲ್ಲಿ ಅದು ಸಣ್ಣ ಸಂಗತಿಯಲ್ಲ. ಒಣ ನೆಲಕ್ಕೆ ಹರಡಿಕೊಂಡು ಬೆಳೆಯುವ ನೆಗ್ಗಿಲು ಮುಳ್ಳು ಹೇಗೆ ಬಿದ್ದರೂ ಒಂದು ಮೊನೆಯನ್ನು ಮೇಲಕ್ಕೆ ಚಾಚಿಕೊಂಡಿರುತ್ತದೆ. ಅಮೆರಿಕದ ಪಶ್ಚಿಮದ ಸೈಕಲ್ ಸವಾರರು ಶಪಿಸುವ ಮುಳ್ಳೂ ಇದೇ ಗಿಡದ್ದು. ಈ ಸಣ್ಣ ರಂಧ್ರಗಳನ್ನು ಸೀಲಂಟ್ ಸಲೀಸಾಗಿ ಮುಚ್ಚುತ್ತದೆ. ಹಳ್ಳ, ಕಾಲುವೆ ದಂಡೆ, ರಸ್ತೆಯ ಇಕ್ಕೆಲಗಳನ್ನು ಆಕ್ರಮಿಸಿದ ಬಳ್ಳಾರಿ ಜಾಲಿಯ ಕಥೆ ಬೇರೆ. ಅದರ ಉದ್ದನೆಯ ಮುಳ್ಳು ಟೈರಿನ ತಳವನ್ನು ಮಾತ್ರವಲ್ಲ, ತೆಳುವಾದ ಪಕ್ಕೆಯನ್ನೂ ತೂರುತ್ತದೆ. ಪಕ್ಕೆಯ ಗಾಯ ಸವಾರಿಯುದ್ದಕ್ಕೂ ಬಾಗುತ್ತಲೇ ಇರುವುದರಿಂದ ದ್ರವ ಅಲ್ಲಿ ನಿಲ್ಲುವುದು ಕಷ್ಟ. ಪಂದ್ಯಕ್ಕೆಂದು ತಯಾರಾದ 600 ಗ್ರಾಂ ಆಸುಪಾಸಿನ ಟೈರುಗಳ ಪಕ್ಕೆ ಕಾಗದದಂತೆ ತೆಳು. ಗ್ರಾನೈಟ್ ಕಲ್ಲಿನ ಒಂದು ಚೂಪಾದ ಅಂಚು ಅದನ್ನು ಸೀಳಿಬಿಡಬಲ್ಲದು. ಟೈರಿಗೆ 150ರಿಂದ 200 ಗ್ರಾಂ ಹೆಚ್ಚಾದರೂ ಸರಿ, ಬಲವಾದ ಪಕ್ಕೆಯದನ್ನೇ ಆರಿಸಿಕೊಳ್ಳುವುದು ಇಲ್ಲಿನ ನೆಲಕ್ಕೆ ತಕ್ಕ ಜಾಣತನ.

ಬಿಸಿಲಿನದೂ ಒಂದು ತಕರಾರಿದೆ. ಸೀಲಂಟ್ ಬಹುಪಾಲು ರಬ್ಬರಿನ ಹಾಲಿನಿಂದ ಆದದ್ದು. ಉಷ್ಣಾಂಶ 40 ಡಿಗ್ರಿ ದಾಟುವ ರಾಯಚೂರಿನ ಬೇಸಿಗೆಯಲ್ಲಿ ಅದು ಬೇಗ ಒಣಗಿ ಟೈರಿನೊಳಗೆ ತೆಳು ಚರ್ಮದಂತೆ ಅಂಟಿಕೊಳ್ಳುತ್ತದೆ. ಒಮ್ಮೆ ಸುರಿದು ಮರೆತವರು ದಾರಿಯಲ್ಲಿ ನಿಲ್ಲಬೇಕಾಗುತ್ತದೆ. ಎರಡು ತಿಂಗಳಿಗೊಮ್ಮೆ ಬಿಚ್ಚಿ ನೋಡುವುದು ಲೇಸು.

ಮಳೆ ಬಿದ್ದಾಗ ಎರೆ ಮಣ್ಣು ತನ್ನ ಲೆಕ್ಕ ತೀರಿಸಿಕೊಳ್ಳುತ್ತದೆ. ಟೈಟಾನಿಯಂ ತಿರುಪುಗಳಿಂದ ಉಳಿಸಿದ ಗ್ರಾಂಗಳು ಹೊಲದ ದಾರಿಯಲ್ಲಿ ಹತ್ತು ಮಾರು ಸಾಗುವಷ್ಟರಲ್ಲಿ ಕಿಲೋಗಟ್ಟಲೆ ಅಂಟಾಗಿ ಮರಳುತ್ತವೆ. ಟೈರು ಮತ್ತು ಚೌಕಟ್ಟಿನ ನಡುವೆ ಬೆರಳು ಆಡುವಷ್ಟು ಸಂದು ಇಲ್ಲದ ಬೈಕ್ ಅಲ್ಲಿಯೇ ಕಚ್ಚಿಕೊಂಡು ನಿಲ್ಲುತ್ತದೆ.

ರಂಧ್ರ ಕೊರೆಯುವ ಮುನ್ನ

ಬೆಲ್ಜಿಯಂನ ಎಡ್ಡಿ ಮೆರ್ಕ್ಸ್ 1972ರಲ್ಲಿ ಮೆಕ್ಸಿಕೋ ನಗರದಲ್ಲಿ ಒಂದು ಗಂಟೆಗೆ 49.431 ಕಿ.ಮೀ. ಕ್ರಮಿಸಿ ದಾಖಲೆ ಸ್ಥಾಪಿಸಿದಾಗ, ಇಟಲಿಯ ಎರ್ನೆಸ್ಟೋ ಕೊಲ್ನಾಗೊ ಅವರು ಕಟ್ಟಿಕೊಟ್ಟ ಸೈಕಲ್ ಆರು ಕೆ.ಜಿ.ಗಿಂತ ಹಗುರವಾಗಿತ್ತು. ಬಿಡಿಭಾಗಗಳಿಗೆ ರಂಧ್ರ ಕೊರೆದು ತೂಕ ಇಳಿಸಲಾಗಿತ್ತು. ಆ ದಶಕದಲ್ಲಿ ರಂಧ್ರ ಕೊರೆಯುವುದೇ ಒಂದು ಗೀಳಾಯಿತು. ಲೇತ್ ಮತ್ತು ಡ್ರಿಲ್ಲಿಂಗ್ ಯಂತ್ರವಿರುವ ಯಾವ ಊರಿನಲ್ಲಾದರೂ ಇಂದೂ ಅದನ್ನು ಮಾಡಿಸಬಹುದು. ಅಪಾಯ ಇರುವುದೂ ಅಲ್ಲಿಯೇ.

ಎಳೆತಕ್ಕೆ ಸಿಕ್ಕ ಅಗಲವಾದ ಲೋಹದ ಹಾಳೆಯಲ್ಲಿ ದುಂಡನೆಯ ರಂಧ್ರವೊಂದಿದ್ದರೆ ಅದರ ಅಂಚಿನಲ್ಲಿ ಒತ್ತಡ ಮೂರು ಪಟ್ಟಾಗುತ್ತದೆ. ಜರ್ಮನಿಯ ಎಂಜಿನಿಯರ್ ಕಿರ್ಶ್ 1898ರಲ್ಲೇ ಇದನ್ನು ಗಣಿತದಿಂದ ತೋರಿಸಿಕೊಟ್ಟಿದ್ದಾರೆ. ಕೊರೆದ ಅಂಚು ಒರಟಾಗಿದ್ದರೆ ಬಿರುಕಿಗೆ ಬಾಗಿಲು ತೆರೆದಂತೆ. ಉಕ್ಕಿಗೆ ಒಂದು ಸದ್ಗುಣವಿದೆ. ನಿರ್ದಿಷ್ಟ ಮಿತಿಯೊಳಗಿನ ಒತ್ತಡವನ್ನು ಅದು ಲಕ್ಷಾಂತರ ಬಾರಿ ತಾಳಿಕೊಳ್ಳುತ್ತದೆ. ಅಲ್ಯೂಮಿನಿಯಂಗೆ ಆ ಮಿತಿಯಿಲ್ಲ. ಸಣ್ಣ ಸಣ್ಣ ಪೆಟ್ಟುಗಳೂ ಒಳಗೊಳಗೇ ಕೂಡಿಕೊಂಡು ಒಂದು ದಿನ ಮುನ್ಸೂಚನೆಯಿಲ್ಲದೆ ಮುರಿಯುತ್ತವೆ. ಮೆರ್ಕ್ಸ್ ಸೈಕಲ್ ನಯವಾದ ಹಾದಿಯಲ್ಲಿ ಒಂದು ಗಂಟೆ ಉಳಿದರೆ ಸಾಕಿತ್ತು. ಬಂಡೆಯಿಂದ ಬಂಡೆಗೆ ಜಿಗಿಯುವ ಬೈಕಿನ ಹ್ಯಾಂಡಲ್, ಸ್ಟೆಮ್, ಪೆಡಲ್ ಕ್ರ್ಯಾಂಕ್, ಬ್ರೇಕ್ ಭಾಗಗಳಿಗೆ ರಂಧ್ರ ಕೊರೆಯಿಸುವವರು ಹಲ್ಲು, ದವಡೆಗಳನ್ನು ಪಣಕ್ಕಿಟ್ಟಂತೆ. ಇಪ್ಪತ್ತು ಗ್ರಾಂ ಉಳಿಸಲು ಇಷ್ಟು ಬೆಲೆ ತೆರಬೇಕೆ?

ಕತ್ತರಿಸುವ ಮಾರ್ಪಾಡು ಹೆಚ್ಚು ವಿವೇಕದ್ದು. ಭುಜಕ್ಕಿಂತ ತೀರ ಅಗಲವಾದ ಹ್ಯಾಂಡಲನ್ನು ಎರಡೂ ಬದಿಯಿಂದ ಸಮವಾಗಿ ಕತ್ತರಿಸಬಹುದು. ಸೀಟಿನ ಕೆಳಗಿನ ಕೊಳವೆಯನ್ನೂ ಕತ್ತರಿಸಬಹುದು, ಆದರೆ ಕನಿಷ್ಠ ಇಷ್ಟು ಆಳ ಒಳಗಿರಬೇಕೆಂದು ಅದರ ಮೇಲೆ ಹಾಕಿರುವ ಗುರುತು ಹೇಳುವ ಉದ್ದ ಚೌಕಟ್ಟಿನೊಳಗೆ ಉಳಿಯಲೇಬೇಕು. ಕಾರ್ಬನ್ ಕೊಳವೆಯಾದರೆ ಸಣ್ಣ ಹಲ್ಲಿನ ಗರಗಸ, ಸುತ್ತಲೂ ಅಂಟುಪಟ್ಟಿ, ಮೂಗಿಗೆ ಮಾಸ್ಕ್ ಅಗತ್ಯ. ಅದರ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಜೋಡಿಸುವಾಗ ಹಲವು ಸ್ಟೆಮ್‌ಗಳ ತಿರುಪಿಗೆ ನಿಗದಿಯಾದ ಬಿಗಿ 5 ನ್ಯೂಟನ್ ಮೀಟರ್, ಅಂದರೆ 10 ಸೆಂ.ಮೀ. ಉದ್ದದ ಅಲೆನ್ ಕೀಲಿಯ ತುದಿಗೆ ಐದು ಕಿಲೋ ಭಾರ ತೂಗುಹಾಕಿದಷ್ಟು. ಕೈ ಅಂದಾಜಿನಲ್ಲಿ ಬಿಗಿದರೆ ಕಾರ್ಬನ್ ಸದ್ದಿಲ್ಲದೆ ಸೀಳುತ್ತದೆ. ಅಳತೆ ತೋರುವ ಟಾರ್ಕ್ ಪಾನಾ ಇದಕ್ಕೆ ಬೇಕೇ ಬೇಕು.

ಬಣ್ಣ ಕೆರೆದರೆ ನೂರು ಗ್ರಾಂ ಆಸುಪಾಸು ಇಳಿಯಬಹುದು. ಆದರೆ ಕಾರ್ಬನ್ ನಾರನ್ನು ಹಿಡಿದಿಡುವ ಅಂಟು ಸೂರ್ಯನ ನೇರಳಾತೀತ ಕಿರಣಕ್ಕೆ ಸೊರಗುತ್ತದೆ, ಬಣ್ಣವೇ ಅದರ ಕೊಡೆ. ಉತ್ತರದ ಶೀತ ದೇಶಗಳಲ್ಲಿ ನಡೆಯುವ ಈ ಸಾಹಸ ಇಲ್ಲಿನ ಬಿಸಿಲಿಗೆ ಸಲ್ಲದು. ಮಾಡಿದರೂ ಕಿರಣ ತಡೆಯುವ ಪಾರದರ್ಶಕ ಲೇಪ ಅಗತ್ಯ.

ಮೊದಲ ಕಿಲೋ ಅಗ್ಗ

ಉತ್ತರ ಕರ್ನಾಟಕಕ್ಕೆ ಸೈಕಲ್ ಪಂದ್ಯ ಹೊಸತಲ್ಲ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ರೈತಾಪಿ ಮನೆಗಳ ಮಕ್ಕಳು ರಾಷ್ಟ್ರಮಟ್ಟದಲ್ಲಿ ಹೆಸರು ಮಾಡಿದ್ದಾರೆ. ರಾಮದುರ್ಗ ತಾಲ್ಲೂಕಿನ ಚಂದರಗಿ ಕ್ರೀಡಾ ಶಾಲೆಯ ಹೆಸರು ಕ್ರೀಡಾಸಕ್ತರಿಗೆಲ್ಲ ಗೊತ್ತು. ಕಾಲಿನ ಕಸುವು ಇದ್ದೂ ಯಂತ್ರದ ಬೆಲೆ ಅಡ್ಡ ಬರುವ ಕ್ರೀಡೆ ಇದು. ಕಾರ್ಬನ್ ಚೌಕಟ್ಟಿನ ಪಂದ್ಯದ ಬೈಕಿಗೆ ಲಕ್ಷಗಟ್ಟಲೆ ರೂಪಾಯಿ ಬೇಕು. 15 ಕೆ.ಜಿ.ಯ ಹಳೆಯ ಅಲ್ಯೂಮಿನಿಯಂ ಬೈಕ್ ಇರುವ ಮಾನ್ವಿಯ ಯುವಕನೊಬ್ಬ ಎಲ್ಲಿಂದ ಆರಂಭಿಸಬೇಕು?

ಮೊದಲು ತೆಗೆಯಬೇಕಾದ್ದು ಬೇಡದ್ದನ್ನು: ಸ್ಟ್ಯಾಂಡು, ಕ್ಯಾರಿಯರ್, ಪ್ರತಿಫಲಕಗಳ ಪ್ಲಾಸ್ಟಿಕ್ ತಟ್ಟೆ. ರಾತ್ರಿ ರಸ್ತೆಗಿಳಿಯುವವರು ಪ್ರತಿಫಲಕವನ್ನು ಉಳಿಸಿಕೊಳ್ಳಲಿ. ನಂತರ ಮುಂದಿನ ಮೂರು ಹಲ್ಲುಚಕ್ರಗಳಲ್ಲಿ ಎರಡನ್ನು ಕಳಚಿ, ಅಗಲ ಕಿರಿದು ಹಲ್ಲುಗಳ ಒಂದೇ ಚಕ್ರ ಹಾಕಬಹುದು. ಮುಂದಿನ ಗೇರ್ ಬದಲಿಸುವ ಸಾಧನ, ಅದರ ತಂತಿ, ಲಿವರ್ ಎಲ್ಲವೂ ಹೋಗಿ 300ರಿಂದ 500 ಗ್ರಾಂ ಇಳಿಯುತ್ತದೆ. 2012ರ ಬಳಿಕ ಹಿಂಗಾಲಿಗೆ ಹನ್ನೊಂದು, 2016ರಿಂದ ಹನ್ನೆರಡು ಹಲ್ಲುಚಕ್ರಗಳು ಬಂದ ಮೇಲೆ ಪಂದ್ಯದ ಬೈಕುಗಳೂ ಇದೇ ದಾರಿ ಹಿಡಿದಿವೆ. ಅಗ್ಗದ ಬೈಕಿನ ಮುಂದಿನ ಸ್ಪ್ರಿಂಗ್ ಫೋರ್ಕ್ ಎರಡೂವರೆ ಕಿಲೋಗೂ ಹೆಚ್ಚು ತೂಗುತ್ತದೆ, ಗಾಳಿ ತುಂಬುವ ಪಂದ್ಯದ ಫೋರ್ಕ್ ಒಂದೂವರೆ ಕಿಲೋ. ಒಂದೇ ಏಟಿಗೆ ಕಿಲೋ ಇಳಿಯುವ ಸ್ಥಳ ಇದೊಂದೇ, ದುಡ್ಡು ಹಾಕಿದರೆ ಇಲ್ಲಿ ಹಾಕಬೇಕು. ಟೈಟಾನಿಯಂ ತಿರುಪು ಉಕ್ಕಿನದಕ್ಕಿಂತ ಶೇ 40ರಷ್ಟು ಹಗುರ ನಿಜ, ಆದರೆ ಇಡೀ ಬೈಕಿನಲ್ಲಿ ನೂರು ಗ್ರಾಂ ಉಳಿದರೆ ಹೆಚ್ಚು. ಅದು ಕಟ್ಟಕಡೆಯ ಶೋಕಿ.

ಗಟ್ಟಿ, ಹಗುರ, ಅಗ್ಗ ಈ ಮೂರರಲ್ಲಿ ಎರಡನ್ನು ಮಾತ್ರ ಆರಿಸಿಕೊಳ್ಳಬಹುದೆಂಬ ಮಾತು ಅಮೆರಿಕದ ಸೈಕಲ್ ತಯಾರಕ ಕೀತ್ ಬಾಂಟ್ರೇಜರ್ ಹೆಸರಿನಲ್ಲಿ ಪ್ರಚಲಿತದಲ್ಲಿದೆ. ಕಲ್ಲುನೆಲದ ಸವಾರ ಗಟ್ಟಿಯನ್ನು ಬಿಡುವಂತಿಲ್ಲವಾದ್ದರಿಂದ ಅವನ ಆಯ್ಕೆ ಇನ್ನೂ ಕಿರಿದು.

ತೂಕ ನೋಡಲು ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಕಳಚಿದ, ಜೋಡಿಸಿದ ಪ್ರತಿ ಭಾಗವನ್ನೂ ತೂಗಿ ವಹಿಯಲ್ಲಿ ಬರೆದಿಡುವುದು ಈ ಹವ್ಯಾಸದ ಮೊದಲ ಪಾಠ. ಆದರೆ ಮೇ ತಿಂಗಳಲ್ಲಿ ಮಾನ್ವಿಯಿಂದಲೋ ದೇವದುರ್ಗದಿಂದಲೋ ಐವತ್ತು ಕಿ.ಮೀ. ಆಸುಪಾಸಿನ ರಾಯಚೂರಿಗೆ ಹೊರಟವರು ಮುಕ್ಕಾಲು ಲೀಟರಿನ ಎರಡು ಬಾಟಲಿ ನೀರನ್ನಾದರೂ ಒಯ್ಯಬೇಕು. ವಹಿಯಲ್ಲಿ ಆ ಒಂದೂವರೆ ಕಿಲೋಗೂ ಒಂದು ಸಾಲು ಇರಲಿ. ಬಾಟಲಿ ಹಿಡಿಯುವ ಕೊಂಡಿಯ ಎರಡು ತಿರುಪುಗಳನ್ನು ಹಗುರ ಮಾಡುವ ಭರದಲ್ಲಿ ಕಳಚಿಡುವುದು ಬೇಡ.