ಬೇಲಿ ಮುರಿದದ್ದು 'ಸಮ್‌ವನ್' ಅಲ್ಲ, 'ಸಮ್‌ಥಿಂಗ್': ಹೆಸರು ಗೊತ್ತಿಲ್ಲದವರಿಗೆ ಇಂಗ್ಲಿಷ್‌ನಲ್ಲಿ ಏನನ್ನಬೇಕು?

ತಮಿಳುನಾಡಿನ ಈರೋಡ್ ಜಿಲ್ಲೆಯ ತಾಳವಾಡಿ ಬೆಟ್ಟ ಪ್ರದೇಶ ಚಾಮರಾಜನಗರದ ಗಡಿಗೆ ತಾಗಿಕೊಂಡಿದೆ. ಇಲ್ಲಿ ಹೆಚ್ಚಿನವರ ಮನೆಮಾತು ಕನ್ನಡ, ಸರಕಾರಿ ಕಚೇರಿಯ ಭಾಷೆ ತಮಿಳು. ಬ್ಯಾಂಕು, ವಿಮೆ, ಆನ್‌ಲೈನ್ ಅರ್ಜಿ ಅಂತ ಬಂದಾಗ ಮೂರನೆಯದಾಗಿ ಇಂಗ್ಲಿಷ್ ಎದುರಾಗುತ್ತದೆ. ಅಲ್ಲಿ ಕೈಕೊಡುವುದು ದೊಡ್ಡ ದೊಡ್ಡ ಪದಗಳಲ್ಲ. 'ಯಾರೋ', 'ಯಾರೂ' ಎನ್ನುವ ಸಣ್ಣ ಪದಗಳು.

ಉದಾಹರಣೆಗೆ, ಸತ್ಯಮಂಗಲಂ ಹುಲಿ ಸಂರಕ್ಷಿತ ಪ್ರದೇಶದ ಅಂಚಿನ ಹೊಲಗಳಿಗೆ ಆನೆ ನುಗ್ಗುವುದು ಹೊಸತೇನಲ್ಲ. ರಾತ್ರಿ ಬೇಲಿ ಮುರಿದಿದೆ, ಮುರಿದದ್ದನ್ನು ಕಂಡವರಿಲ್ಲ. ಅರ್ಜಿಯಲ್ಲಿ 'ಸಮ್‌ವನ್ ಬ್ರೋಕ್ ದ ಫೆನ್ಸ್' ಅಂತ ಬರೆದರೆ ಮುರಿದದ್ದು ಮನುಷ್ಯ ಎಂದಾಗುತ್ತದೆ. 'ಸಮ್‌ವನ್' ಮನುಷ್ಯರಿಗೆ ಮಾತ್ರ. ಪ್ರಾಣಿಯೋ ಮತ್ತೇನೋ ಗೊತ್ತಿಲ್ಲದಿದ್ದರೆ 'ಸಮ್‌ಥಿಂಗ್' ಅನ್ನಬೇಕು. ಒಂದು ಪದ ತಪ್ಪಿದರೆ ಆನೆಯ ವಿಷಯ ಕಳ್ಳನ ವಿಷಯವಾಗಿಬಿಡುತ್ತೆ.

ಯಾರೋ, ಯಾರಾದರೂ

ಕನ್ನಡದಲ್ಲಿ 'ಯಾರು' ಎಂಬ ಪ್ರಶ್ನೆಗೆ ಬಾಲ ಸೇರಿಸಿದರೆ ಸಾಕು: ಯಾರೋ, ಯಾರಾದರೂ, ಯಾರೂ. ತಮಿಳಿನಲ್ಲೂ ಹಾಗೇ: ಯಾರೋ, ಯಾರಾವದು, ಯಾರುಂ. ಇಂಗ್ಲಿಷ್‌ನಲ್ಲಿ ಪದವೇ ಬೇರೆಯಾಗುತ್ತದೆ.

'ಯಾರೋ ಬಂದಿದ್ದರು' ಅಂದ್ರೆ ಬಂದದ್ದು ಖಚಿತ, ಹೆಸರು ಮಾತ್ರ ಗೊತ್ತಿಲ್ಲ. ಇದು 'ಸಮ್‌ವನ್'. 'ಯಾರಾದರೂ ಬಂದಿದ್ದರಾ?' ಎಂದು ಕೇಳುವಾಗ ಬಂದದ್ದೇ ಖಚಿತವಿಲ್ಲ, ಆಗ 'ಎನಿವನ್'. 'ಯಾರು ಬೇಕಾದರೂ ಬರಬಹುದು' ಎನ್ನಲೂ 'ಎನಿವನ್'. ಆದರೆ 'ಯಾರಾದರೂ ಸಹಾಯ ಮಾಡಿ' ಎಂದು ಕರೆಯುವಾಗ ಮತ್ತೆ 'ಸಮ್‌ವನ್'. ನಮ್ಮ ಒಂದು ಪದ ಅಲ್ಲಿ ಎರಡಾಗಿ ಒಡೆಯುವುದರಿಂದಲೇ ಗೊಂದಲ.

ಯಾರೂ ಹಣ ಕೊಟ್ಟಿಲ್ಲ

ವ್ಯಾಪಾರಿಗಳಿಗೆ ನಷ್ಟ ಮಾಡುವ ತಪ್ಪು ಇಲ್ಲಿದೆ. ಕನ್ನಡದಲ್ಲಿ 'ಯಾರೂ' ಜೊತೆ 'ಇಲ್ಲ' ಬೇಕೇ ಬೇಕು. ಇಂಗ್ಲಿಷ್‌ನ 'ನೋ ವನ್' ಒಳಗೇ 'ಇಲ್ಲ' ಕೂತಿದೆ. ಹಾಗಾಗಿ 'ನೋ ವನ್ ಹ್ಯಾಸ್ ಪೇಡ್' ಅಂದರೆ ಸಾಕು. ಕನ್ನಡದ ಅಭ್ಯಾಸದಲ್ಲಿ ಇನ್ನೊಂದು 'ನಾಟ್' ಸೇರಿಸಿದಿರೋ, 'ಕೊಡದವರು ಯಾರೂ ಇಲ್ಲ', ಅಂದ್ರೆ ಎಲ್ಲರೂ ಕೊಟ್ಟಿದ್ದಾರೆ ಎಂಬ ಅರ್ಥ ಬರುತ್ತದೆ! ತಾಳವಾಡಿಯ ತರಕಾರಿ ಲೆಕ್ಕವಿರಲಿ, ಮಂಗಳೂರಿನ ಬಂದರಿನ ಸಗಟು ಬಿಲ್ಲಿರಲಿ, ಬಾಕಿ ವಸೂಲಿಯ ಪತ್ರದಲ್ಲಿ ಈ ತಪ್ಪು ದುಬಾರಿ. 'ಎನಿವನ್ ಹ್ಯಾಸ್ ನಾಟ್ ಪೇಡ್' ಕೂಡ ಸರಿಯಲ್ಲ.

ಕೆಲವರು ಕೊಟ್ಟು ಕೆಲವರು ಬಾಕಿ ಇಟ್ಟಿದ್ದರೆ 'ನಾಟ್ ಎವ್ರಿವನ್ ಹ್ಯಾಸ್ ಪೇಡ್' ಎನ್ನಿ. 'ಎವ್ರಿವನ್ ಹ್ಯಾಸ್ ನಾಟ್ ಪೇಡ್' ಎಂದರೆ ಎರಡು ಅರ್ಥ ಬರುತ್ತದೆ: ಎಲ್ಲರೂ ಕೊಟ್ಟಿಲ್ಲವೋ, ಒಬ್ಬರೂ ಕೊಟ್ಟಿಲ್ಲವೋ?

ಒಬ್ಬರೋ, ಹಲವರೋ?

ನಾವು 'ಎಲ್ಲರೂ ಬಂದಿದ್ದಾರೆ' ಎಂದು ಬಹುವಚನ ಬಳಸುತ್ತೇವೆ. ಇಂಗ್ಲಿಷ್‌ನಲ್ಲಿ ಈ ಪದಗಳಿಗೆಲ್ಲ ಏಕವಚನವೇ: 'ಎವ್ರಿವನ್ ಹ್ಯಾಸ್ ಕಮ್', 'ಹ್ಯಾವ್' ಅಲ್ಲ. ಆದರೆ ಅದೇ ವ್ಯಕ್ತಿಯನ್ನು ಮತ್ತೆ ಹೇಳುವಾಗ 'ದೇ', 'ದೇರ್' ಬರುತ್ತದೆ. ಯಾರೋ ಕೊಡೆ ಬಿಟ್ಟುಹೋದರೆ, 'ಸಮ್‌ವನ್ ಹ್ಯಾಸ್ ಲೆಫ್ಟ್ ದೇರ್ ಅಂಬ್ರೆಲಾ'. ಇದು ಇತ್ತೀಚಿನ ಫ್ಯಾಷನ್ ಅಲ್ಲ, 14ನೇ ಶತಮಾನದಿಂದಲೇ ಬಳಕೆಯಲ್ಲಿದೆ. ಗಂಡೋ ಹೆಣ್ಣೋ ಗೊತ್ತಿಲ್ಲದವರನ್ನು 'ಅವರು' ಎನ್ನುವ ನಮಗೆ ಇದು ಕಷ್ಟವಾಗಬಾರದು.

'ಸಮ್‌ವನ್', 'ಸಮ್‌ಬಡಿ' ಎರಡರ ಅರ್ಥ ಒಂದೇ. 'ಬಡಿ' ಮಾತಿಗೆ ಹತ್ತಿರ, 'ವನ್' ಬರಹಕ್ಕೆ. ಬರೆಯುವಾಗ 'ನೋ ವನ್' ಮಾತ್ರ ಎರಡು ಪದ, ಉಳಿದವು ಒಂದೇ ಪದ.

ಅರ್ಜಿ ಕಳಿಸುವ ಮೊದಲು ಅಂಥ ಪ್ರತಿ ವಾಕ್ಯಕ್ಕೂ ಮೂರು ಪ್ರಶ್ನೆ ಹಾಕಿ: ಮನುಷ್ಯನೇ ಹೌದಾ? ನಡೆದದ್ದು ಖಚಿತವಾ? 'ಇಲ್ಲ' ಎರಡು ಸಲ ಬಂತಾ? ಇಷ್ಟು ನೋಡಿಕೊಂಡರೆ ಹೆಚ್ಚಿನ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.