ಕಾಲು ಒಯ್ದ ದೂರ, ಕೈ ಮರಳಿಸಬೇಕಾದ ದೂರ

ಕಯಾಕ್ ಎಂಬ ಕಿರುದೋಣಿಯ ಮೂಲ ಉತ್ತರಧ್ರುವ ಪ್ರದೇಶದ ಇನ್ಯುಟ್ ಜನರ ಬೇಟೆದೋಣಿಯಲ್ಲಿದೆ. ಕಟ್ಟಿಗೆ ಅಥವಾ ಎಲುಬಿನ ಹಂದರಕ್ಕೆ ಸೀಲ್ ಪ್ರಾಣಿಯ ಚರ್ಮವನ್ನು ಬಿಗಿದು ಮಾಡುತ್ತಿದ್ದ ಆ ದೋಣಿಯನ್ನು ಎರಡೂ ತುದಿಗೆ ಅಲಗಿರುವ ಒಂದೇ ಹುಟ್ಟಿನಿಂದ ನಡೆಸುತ್ತಿದ್ದರು. ಇಂದಿನ ಕಯಾಕ್‌ಗಳು ಪ್ಲಾಸ್ಟಿಕ್ಕಿನವಾದರೂ ಬಹುಪಾಲು ಅದೇ ಬಗೆಯ ಹುಟ್ಟಿನಿಂದಲೇ ಸಾಗುತ್ತವೆ. ಪೆಡಲ್ ಕಯಾಕ್‌ನಲ್ಲಿ ಮಾತ್ರ ದುಡಿಯುವುದು ತೋಳಲ್ಲ, ತೊಡೆ. ಕೆರೆಗಳ ದೋಣಿವಿಹಾರ ಕೇಂದ್ರಗಳಲ್ಲಿ ಹಂಸದ ಕೊರಳು ಹೊತ್ತು ತೇಲುವ ದೋಣಿಗಳೂ ಕಾಲಿನಿಂದಲೇ ನಡೆಯುತ್ತವೆ ನಿಜ. ಆದರೆ ಅವು ದಡದ ಸಿಬ್ಬಂದಿಯ ಕೂಗು ಕೇಳಿಸುವಷ್ಟು ದೂರದಲ್ಲೇ ಸುತ್ತುತ್ತವೆ. ಪೆಡಲ್ ಕಯಾಕ್ ಕಡಲಿಗೂ ಇಳಿಯುತ್ತದೆ. ಅದರ ನಿರ್ವಹಣೆ ಬರಿಯ ತೊಳೆದೊರೆಸುವ ಕೆಲಸವಾಗಿ ಉಳಿಯದೆ ಒಂದು ಶಿಸ್ತಾಗಿ ಬೆಳೆದಿರುವುದಕ್ಕೆ ಇದೇ ಕಾರಣ.

ಈ ದೋಣಿಯ ಬಹು ಪರಿಚಿತ ರೂಪ ಮೂಡಿದ್ದು ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ. ಮೊದಲು ಸರ್ಫಿಂಗ್ ಹಲಗೆಗಳನ್ನು ತಯಾರಿಸಿ, ಆಮೇಲೆ ಜೋಡಿ ಒಡಲಿನ ಹಗುರವಾದ ಹಾಯಿದೋಣಿಗಳಿಂದ ಹೆಸರಾದ ಹೋಬಾರ್ಟ್ ಆಲ್ಟರ್ (1933–2014) ಅವರ ಮುದ್ದುಹೆಸರನ್ನೇ ಹೊತ್ತ ಹೋಬಿ ಸಂಸ್ಥೆಯು 1997ರಲ್ಲಿ ‘ಮಿರಾಜ್ ಡ್ರೈವ್’ ಎಂಬ ತುಳಿಯಂತ್ರವನ್ನು ಹೊರತಂದಿತು. ಇದರ ರಚನಕಾರ ಗ್ರೆಗ್ ಕೆಟರ್‌ಮನ್, ವೇಗ ಹೆಚ್ಚಿದಾಗ ನೀರಿನಿಂದ ಮೇಲೆದ್ದು ಓಡುವ ‘ಟ್ರೈಫಾಯ್ಲರ್’ ಹಾಯಿದೋಣಿಯನ್ನೂ ರೂಪಿಸಿದವರು. ಮಿರಾಜ್ ಡ್ರೈವ್‌ನಲ್ಲಿ ಸೈಕಲ್ಲಿನಂತೆ ಕಾಲು ಸುತ್ತುವುದಿಲ್ಲ. ಒಂದು ಪೆಡಲನ್ನು ಮುಂದಕ್ಕೆ ಒತ್ತಿದಾಗ ಇನ್ನೊಂದು ಹಿಂದಕ್ಕೆ ಬರುತ್ತದೆ, ಈ ಚಲನೆಯನ್ನು ಚೈನು ಮತ್ತು ಉಕ್ಕಿನ ಕೇಬಲ್ಲುಗಳು ದೋಣಿಯ ತಳಕ್ಕೆ ದಾಟಿಸುತ್ತವೆ, ಅಲ್ಲಿ ಎರಡು ಮೆತುವಾದ ಈಜುರೆಕ್ಕೆಗಳು ಎಡದಿಂದ ಬಲಕ್ಕೂ ಬಲದಿಂದ ಎಡಕ್ಕೂ ಬೀಸುತ್ತ, ನೀರಿನ ಒತ್ತಡಕ್ಕೆ ತಾವೇ ತಿರುಚಿಕೊಂಡು, ಪೆಂಗ್ವಿನ್ ಹಕ್ಕಿಯ ರೆಕ್ಕೆಯಂತೆ ನೀರನ್ನು ಹಿಂದಕ್ಕೆ ತಳ್ಳುತ್ತವೆ. ಬೇರೆ ತಯಾರಕರು ಆಮೇಲೆ ತಂದ ಇನ್ನೊಂದು ಬಗೆಯಲ್ಲಿ ಪೆಡಲು ಸೈಕಲ್ಲಿನಂತೆಯೇ ಸುತ್ತುತ್ತದೆ ಮತ್ತು ಗೇರುಗಳ ಮೂಲಕ ನೀರಿನೊಳಗಿನ ಪ್ರೊಪೆಲರನ್ನು ತಿರುಗಿಸುತ್ತದೆ.

ಮನುಷ್ಯದೇಹದ ಅತಿ ದೊಡ್ಡ ಸ್ನಾಯುಗಳು ಕಾಲಿನಲ್ಲಿರುವುದರಿಂದ, ಹುಟ್ಟು ಹಾಕಿ ದಣಿಯುವವರೂ ತುಳಿಯುತ್ತ ಗಂಟೆಗಟ್ಟಲೆ ಸಾಗಬಲ್ಲರು; ಕೈ ಬಿಡುವಾಗಿರುವುದರಿಂದ ಗಾಳ ಹಾಕುವವರಿಗೆ ಈ ದೋಣಿ ಅಚ್ಚುಮೆಚ್ಚು. ಆದರೆ ಈ ಅನುಕೂಲದೊಳಗೇ ಒಂದು ಸಾಲ ಅಡಗಿದೆ. ಯಂತ್ರ ನಿಂತ ಗಳಿಗೆಯಲ್ಲಿ, ಕಾಲು ಸಲೀಸಾಗಿ ಒಯ್ದ ದೂರವನ್ನು ಕೈಯೇ ಮರಳಿಸಬೇಕು, ಅದೂ ಹುಟ್ಟು ಹಾಕಲೆಂದು ರೂಪಿಸದ ದೋಣಿಯಲ್ಲಿ. ಮೀನು ಹಿಡಿಯುವವರು ಮೆಚ್ಚುವ ಮಾದರಿಗಳು, ಮೇಲೆ ನಿಂತರೂ ಮಗುಚದಿರಲೆಂದು, 90 ಸೆಂಟಿಮೀಟರ್ ಆಸುಪಾಸು ಅಗಲವಾಗಿದ್ದು 40 ಕಿಲೋಗಿಂತ ಹೆಚ್ಚು ತೂಗುವುದುಂಟು. ಎದುರುಗಾಳಿಯಲ್ಲಿ ಅಂಥ ದೋಣಿಗೆ ಹುಟ್ಟು ಹಾಕುವುದೆಂದರೆ ಬಾಗಿಲ ಹಲಗೆಯ ಮೇಲೆ ಕುಳಿತು ಹೊಳೆ ದಾಟಿದಂತೆ. ನಿರ್ವಹಣೆಯ ವಿವರಗಳೆಲ್ಲ ಕೊನೆಗೆ ಈ ಸಾಲದ ಲೆಕ್ಕಕ್ಕೇ ಬಂದು ಸೇರುತ್ತವೆ.

ಚುಕ್ಕಾಣಿಯನ್ನೇ ನೋಡಬಹುದು. ಹುಟ್ಟಿನ ದೋಣಿಯಲ್ಲಿ ಒಂದು ಬದಿಗೆ ಹೆಚ್ಚು ಬಲ ಹಾಕಿದರೆ ದೋಣಿ ತಿರುಗುತ್ತದೆ, ಆದ್ದರಿಂದ ಚುಕ್ಕಾಣಿ ಇಲ್ಲದೆಯೂ ನಡೆಯುತ್ತದೆ. ಪೆಡಲ್ ಕಯಾಕ್‌ನಲ್ಲಿ ಎಡಗಾಲು ಒತ್ತಿದರೂ ಬಲಗಾಲು ಒತ್ತಿದರೂ ತಳ್ಳು ಹುಟ್ಟುವುದು ನಡುಗೆರೆಯಲ್ಲೇ ಆದುದರಿಂದ ದಿಕ್ಕನ್ನು ನಿಶ್ಚಯಿಸುವುದು ಚುಕ್ಕಾಣಿಯೊಂದೇ. ಹೋಬಿ ದೋಣಿಗಳಲ್ಲಿ ಈ ಚುಕ್ಕಾಣಿಯನ್ನು ದೋಣಿಯ ಹಿಂತುದಿಗೆ ಹಿಡಿದಿಡುವುದು ಬೆರಳುದ್ದದ ಒಂದು ಪ್ಲಾಸ್ಟಿಕ್ ಪಿನ್ನು. ಅದು ಉಕ್ಕಿನದಾಗಿರದಿರುವುದು ಜಿಪುಣತನವಲ್ಲ: ಬಂಡೆಗೋ ಮುಳುಗಿದ ದಿಮ್ಮಿಗೋ ಚುಕ್ಕಾಣಿ ಬಡಿದಾಗ ಪಿನ್ನು ತುಂಡಾಗಿ ಹೊಡೆತವನ್ನು ನುಂಗಿಕೊಳ್ಳಲಿ, ಚುಕ್ಕಾಣಿಯೂ ಅದು ಕೂತಿರುವ ಒಡಲಿನ ಭಾಗವೂ ಉಳಿಯಲಿ ಎಂಬ ಲೆಕ್ಕಾಚಾರ ಅದರ ಹಿಂದಿದೆ. ವಿದ್ಯುತ್ ಮಂಡಲದಲ್ಲಿ ಫ್ಯೂಸು ಮಾಡುವ ಕೆಲಸವೇ ಇದು. ಫ್ಯೂಸು ತಂತಿಯನ್ನು ಮನೆಯಲ್ಲಿ ಇಟ್ಟುಕೊಂಡಂತೆ ಬದಲಿ ಪಿನ್ನನ್ನು ದೋಣಿಯಲ್ಲಿ ಇಟ್ಟುಕೊಳ್ಳದಿದ್ದರೆ ಮಾತ್ರ ಈ ಜಾಣತನ ಅರ್ಧಕ್ಕೇ ನಿಲ್ಲುತ್ತದೆ. ಚುಕ್ಕಾಣಿಯನ್ನು ಎಳೆಯುವ ಸಣ್ಣ ಹಗ್ಗಗಳು ಸವೆಯುವುದು ಒಡಲಿನೊಳಗೆ, ಕಣ್ಣಿಗೆ ಬೀಳದ ತಿರುವುಗಳಲ್ಲಿ. ಅವುಗಳನ್ನು ವರ್ಷಕ್ಕೊಮ್ಮೆಯಾದರೂ ಬೆರಳಿನಿಂದ ಸವರಿ ಎಳೆ ಬಿಟ್ಟಿದೆಯೇ ಎಂದು ನೋಡಬೇಕಾಗುತ್ತದೆ. ನೀರಿನ ನಡುವೆ ಹಗ್ಗ ಹರಿದರೆ ಹುಟ್ಟಿನ ಅಲಗನ್ನು ಹಿಂಬದಿಯಲ್ಲಿ ನೀರಿಗಿಳಿಸಿ ಹಿಡಿದು ಅದನ್ನೇ ಚುಕ್ಕಾಣಿಯಾಗಿಸಿಕೊಂಡು ತುಳಿಯುವುದೊಂದು ಉಪಾಯ.

ತುಳಿಯಂತ್ರದ ಮುಖ್ಯ ವೈರಿ ಉಪ್ಪುನೀರು. ಈಜುರೆಕ್ಕೆಗಳು ‘ಮಾಸ್ಟ್’ ಎಂದು ಕರೆಯುವ ಸ್ಟೇನ್‌ಲೆಸ್ ಸ್ಟೀಲಿನ ಸರಳುಗಳಿಗೆ ಗವಸಿನಂತೆ ತೊಡಿಸಿರುತ್ತವೆ. ಈ ಉಕ್ಕು ತುಕ್ಕು ಹಿಡಿಯದೆಂಬ ನಂಬಿಕೆ ಪೂರ್ತಿ ಸರಿಯಲ್ಲ. ಅದರಲ್ಲಿರುವ ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಕೂಡಿ ಮೇಲ್ಮೈಯಲ್ಲಿ ಒಂದು ತೆಳುಪದರವನ್ನು ಕಟ್ಟುವುದರಿಂದಲೇ ಅದಕ್ಕೆ ರಕ್ಷಣೆ. ಗವಸಿನೊಳಗೆ ಉಪ್ಪುನೀರು ನಿಂತು ಆಮ್ಲಜನಕ ಬತ್ತಿದಾಗ ಆ ಪದರ ದುರ್ಬಲವಾಗಿ, ಹೊರಗೆ ಫಳಫಳಿಸುವ ಸರಳು ಒಳಗೊಳಗೇ ಕೊರೆದುಹೋಗುತ್ತದೆ. ಇದಕ್ಕೆ ಸಂದುಕೊರೆತ ಎನ್ನಬಹುದು. ಆದಕಾರಣ ಕಡಲಿನಿಂದ ಬಂದೊಡನೆ ಯಂತ್ರವನ್ನು ಸಿಹಿನೀರಿನಲ್ಲಿ ತೊಳೆಯುವುದಷ್ಟೇ ಸಾಲದು, ಆಗಾಗ ರೆಕ್ಕೆಗಳನ್ನು ಕಳಚಿ ಸರಳನ್ನು ಒರೆಸಿ ಒಣಗಿಸಬೇಕು. ಕೀಲೆಣ್ಣೆಯ ವಿಷಯದಲ್ಲೂ ಮನೆಯ ಸೈಕಲ್ಲಿನ ಪಾಠ ಇಲ್ಲಿ ನಡೆಯದು; ಜಿಗುಟಾದ ಗ್ರೀಸು ಮರಳನ್ನು ಹಿಡಿದಿಟ್ಟುಕೊಂಡು ಚೈನನ್ನು ಉಜ್ಜುಕಾಗದದಂತೆ ತಿನ್ನುವುದರಿಂದ, ಬೇಗ ಒಣಗಿ ತೆಳುವಾಗಿ ಕೂರುವ ಟೆಫ್ಲಾನ್ ಬಗೆಯ ಸ್ಪ್ರೇ ಲೇಸು. ಪ್ರೊಪೆಲರ್ ಬಗೆಯಲ್ಲಿ ಗೇರುಗಳು ಮುಚ್ಚಿದ ಪೆಟ್ಟಿಗೆಯೊಳಗಿರುವುದರಿಂದ ಈ ಕಾಟ ಕಡಿಮೆ, ಆದರೆ ಗಾಳದ ದಾರ ಪ್ರೊಪೆಲರಿನ ದಂಡಕ್ಕೆ ಸುತ್ತಿಕೊಂಡು ನೀರು ತಡೆಯುವ ರಬ್ಬರ್ ಸೀಲನ್ನು ಕತ್ತರಿಸಿತೆಂದರೆ ಒಳಕ್ಕೆ ನೀರು ನುಗ್ಗುತ್ತದೆ; ಪೆಟ್ಟಿಗೆಯ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಅದು ಆಗಿಹೋದ ಗುರುತು.

ಒಡಲು ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ಕಿನದು; ಪುಡಿಯನ್ನು ಬಿಸಿ ಅಚ್ಚಿನೊಳಗೆ ಹಾಕಿ ತಿರುಗಿಸುತ್ತ ಕರಗಿಸಿ ಟೊಳ್ಳು ಆಕಾರ ಪಡೆಯುವ ವಿಧಾನದಿಂದ ಇದನ್ನು ತಯಾರಿಸುತ್ತಾರೆ. ಪೆಟ್ಟು ತಡೆಯುವ ಈ ವಸ್ತುವಿನ ದೊಡ್ಡ ಕೊರತೆಯೆಂದರೆ ಇದಕ್ಕೆ ಯಾವ ಸಾಮಾನ್ಯ ಅಂಟೂ ಹಿಡಿಯದು. ಬಿರುಕನ್ನು ಅದೇ ಜಾತಿಯ ಪ್ಲಾಸ್ಟಿಕ್ಕನ್ನು ಕಾಯಿಸಿ ಬೆಸೆದೇ ಮುಚ್ಚಬೇಕು. ಬಿರುಕು ಬಿಡುವುದು ಹೆಚ್ಚಾಗಿ ಬಂಡೆ ತಗುಲಿದಲ್ಲಲ್ಲ, ತುಳಿಯಂತ್ರ ಕೂರುವ ಗೂಡಿನ ಅಂಚಿನಲ್ಲಿ, ಇಲ್ಲವೇ ಮೇಲೆ ಬಿದ್ದ ನೀರು ಬಸಿದುಹೋಗಲು ಇರಿಸಿದ ತೂತುಗಳ ಒಳಗೋಡೆಯಲ್ಲಿ. ದೋಣಿಯನ್ನು ಮರಳಿನ ಮೇಲೆ ಎಳೆಯುವ ತಳ್ಳುಗಾಡಿಯ ಗೂಟಗಳನ್ನು ಅವೇ ತೂತುಗಳಿಗೆ ಸಿಕ್ಕಿಸುವುದರಿಂದ ಆ ಗೋಡೆ ಸೋಲುತ್ತದೆ. ಒಳಸೇರಿದ ನೀರಿನ ಅಪಾಯ ಭಾರಕ್ಕಿಂತಲೂ ಅದರ ಚಂಚಲತೆಯಲ್ಲಿದೆ. 50 ಲೀಟರ್ ನೀರೆಂದರೆ 50 ಕಿಲೋ ಸಾಮಾನೇ, ಆದರೆ ಕಟ್ಟಿಟ್ಟ ಸಾಮಾನು ಇದ್ದಲ್ಲಿರುತ್ತದೆ, ನೀರಾದರೋ ದೋಣಿ ಯಾವ ಕಡೆ ವಾಲಿತೋ ಆ ಕಡೆಗೇ ಓಡಿ ವಾಲಿದ್ದನ್ನು ಮಗುಚಿಸುತ್ತದೆ. ಆದ್ದರಿಂದ ಅನುಭವಿಗಳು ದೋಣಿ ಎಂದಿಗಿಂತ ಸೋಮಾರಿಯಾಗಿ ತೂಗಿದೊಡನೆಯೇ ಮುಚ್ಚಳ ತೆರೆದು ನೋಡಿ, ಕೈಪಂಪಿನಿಂದ ನೀರೆತ್ತುತ್ತಾರೆ.

ಕೆಟ್ಟಾಗ ಏನು ಮಾಡಬೇಕೆಂಬುದಕ್ಕೆ ಉತ್ತರ ಬಹುಪಾಲು ದೋಣಿ ಇಳಿದಿರುವ ನೀರು ಎಂಥದೆಂಬುದನ್ನು ಅವಲಂಬಿಸಿದೆ. ಅಮೆರಿಕದ ವಾಯವ್ಯ ಕರಾವಳಿಯ ಪೋರ್ಟ್ ಟೌನ್‌ಸೆಂಡ್‌ನಿಂದ ಅಲಾಸ್ಕದ ಕೆಚಿಕಾನ್‌ವರೆಗೆ ಸುಮಾರು 750 ಮೈಲಿ, ಅಂದರೆ 1,200 ಕಿಲೋಮೀಟರ್, ಸಾಗುವ ‘ರೇಸ್ ಟು ಅಲಾಸ್ಕ’ ಸ್ಪರ್ಧೆಯಲ್ಲಿ ಎಂಜಿನ್ ನಿಷಿದ್ಧ, ಹಿಂಬಾಲಿಸುವ ನೆರವಿನ ದೋಣಿಯೂ ನಿಷಿದ್ಧ. 2015ರಲ್ಲಿ ಆರಂಭವಾದ ಇದರಲ್ಲಿ ಮೊದಲಿಗರಿಗೆ 10,000 ಡಾಲರ್, ಎರಡನೆಯವರಿಗೆ ಮಾಂಸ ಕೊಯ್ಯುವ ಒಂದು ಕಟ್ಟು ಚಾಕು. ಗಾಳಿ ಸತ್ತಾಗ ಉಪಯೋಗಕ್ಕೆಂದು ಹಾಯಿದೋಣಿಗಳಿಗೂ ಪೆಡಲ್ ಪ್ರೊಪೆಲರ್ ಅಳವಡಿಸಿಕೊಂಡು ಬರುವವರು ಅಲ್ಲಿ ಬಹಳ. ಆ ಕಡಲು ತಣ್ಣಗಿನದು. ತಣ್ಣೀರಿಗೆ ಬಿದ್ದವರಿಗೆ ಉಸಿರು ಹತೋಟಿಗೆ ಬರಲು 1 ನಿಮಿಷ, ಕೈಕಾಲು ಕೆಲಸಕ್ಕೆ ಬರುವುದು ಸುಮಾರು 10 ನಿಮಿಷ, ಪ್ರಜ್ಞೆ ಉಳಿಯುವುದು ಸುಮಾರು 1 ಗಂಟೆ ಎಂಬ ಸ್ಥೂಲ ಸೂತ್ರವನ್ನು ಸುರಕ್ಷತಾ ಬೋಧಕರು ಹೇಳಿಕೊಡುತ್ತಾರೆ. ನಡುವಣ ಆ 10 ನಿಮಿಷವೇ ರಿಪೇರಿ ಸಾಮಾನಿನ ಸ್ವರೂಪವನ್ನು ನಿರ್ಧರಿಸುತ್ತದೆ: ಅಲೆನ್ ಕೀ, ಇಕ್ಕಳ, ಬದಲಿ ಸರಳು, ಪಿನ್ನು, ಬ್ಯುಟೈಲ್ ರಬ್ಬರಿನ ಅಂಟುಪಟ್ಟಿ, ಅದನ್ನು ಅಂಟಿಸುವ ಮೊದಲು ಜಾಗ ಒರೆಸಲು ಒಣಬಟ್ಟೆ ಇವೆಲ್ಲ ಮರಗಟ್ಟಿದ ಬೆರಳಿಗೂ ತೆರೆಯಲು ಬರುವ ಚೀಲದಲ್ಲಿ, ಒಂದೊಂದೂ ದಾರದಿಂದ ಕಟ್ಟಿದಂತೆ ಇರಬೇಕು. ತುಳಿಯಂತ್ರಕ್ಕೂ ಹೀಗೆಯೇ ಒಂದು ಕಟ್ಟುದಾರ ಬೇಕು. ದೋಣಿ ಮಗುಚಿದಾಗ ಅದು ಗೂಡಿನಿಂದ ಜಾರಿ ತಳ ಸೇರಿದ್ದುಂಟು.

ಅಮೆರಿಕದ ನಿಯಮದಂತೆ ಕಯಾಕ್‌ನಲ್ಲಿ ತಲೆಗೊಂದು ಲೈಫ್ ಜಾಕೆಟ್ಟೂ ಸದ್ದು ಮಾಡುವ ಸಾಧನವೂ ಇರಲೇಬೇಕು. ಒಂದು ಪೀಪಿ ಎರಡನೆಯದಕ್ಕೆ ಸಾಕು. ನಿಯಮ ಹೇಳದಿರುವ, ಆದರೆ ಎಲ್ಲಕ್ಕಿಂತ ಮುಖ್ಯವಾದ ಸಾಮಾನು ಹುಟ್ಟು. ಪೆಡಲ್ ಕಯಾಕ್ ಕೊಂಡವರಲ್ಲಿ ಅನೇಕರು ಅದನ್ನು ಬದಿಗೆ ಸಿಕ್ಕಿಸಿ ಮರೆತುಬಿಡುತ್ತಾರೆ. ಪಳಗಿದವರು ಋತು ಆರಂಭವಾಗುವ ಮೊದಲು ಒಮ್ಮೆ, ದಡದ ಹತ್ತಿರವೇ, ತುಳಿಯಂತ್ರವನ್ನು ಮೇಲೆತ್ತಿ ಅದರ ಖಾಲಿ ಗೂಡಿಗೆ ಅಳತೆಯ ಬಿರಡೆ ಹಾಕಿ—ಬಿರಡೆ ಇಲ್ಲದಿದ್ದರೆ ಗೂಡಿನಲ್ಲಿ ನೀರು ಗುಳುಗುಳು ಸುಳಿದು ದೋಣಿಯನ್ನು ಹಿಡಿದೆಳೆಯುತ್ತದೆ—ಎದುರುಗಾಳಿಗೆ ಒಂದು ಕಿಲೋಮೀಟರ್ ಹುಟ್ಟು ಹಾಕಿ ಎಷ್ಟು ಹೊತ್ತು ಹಿಡಿಯಿತೆಂದು ಗುರುತು ಹಾಕಿಕೊಳ್ಳುತ್ತಾರೆ, ಮತ್ತು ಆ ವರ್ಷ ದಡದಿಂದ ಎಷ್ಟು ದೂರ ಹೋಗಬಹುದೆಂಬುದನ್ನು ಆ ಹೊತ್ತಿನಿಂದಲೇ ಅಳೆಯುತ್ತಾರೆ.